ತಿರುವಿನಲ್ಲಿ ಕಂಡ ನೇರ ದಾರಿ

ಪ್ರವೀಣ್‌ಕುಮಾರ್ ತನ್ನ ಎಲೆಗಾಡಿಯನ್ನು ತಿರುವಿನಲ್ಲಿ ತಿರುಗಿಸದೆ ನೇರವಾಗಿ ಟೀ ತೋಟಕ್ಕೆ ಇಳಿಸಿದ ಸಂಜೆ ಮಳೆ ಆಗಷ್ಟೇ ನಿಂತಿತ್ತು. ಹಟ್ಟಿಯ ಊರವರು ಕಿತ್ತ ಟೀ ಎಲೆಯನ್ನು ಕೋತಗಿರಿಯ ಹತ್ತಿರದ ಫ್ಯಾಕ್ಟರಿಗೆ ಹಾಕಿ, ಖಾಲಿ ಗಾಡಿಯಲ್ಲಿ ಕೀಳ್ ಕೋತಗಿರಿ ಕಡೆಗೆ ಇಳಿದು ಬರುತ್ತಿದ್ದ. ಪಕ್ಕದ ಸೀಟಿನಲ್ಲಿ ಕಮಲಂ ಮಾಮಿ ಕುಳಿತಿದ್ದಳು. ಅವನ ಅಪ್ಪನ ಕಡೆಯಿಂದ ಅತ್ತೆಯಾಗಬೇಕಾದವಳು, ಹಟ್ಟಿಗೆಲ್ಲ ಮಾಮಿ. ಸಂತೆ ಮುಗಿಸಿ ಬಸ್ಸಿಗೆ ಕಾದು ನಿಂತಿದ್ದವಳನ್ನು ಅವನೇ ಕರೆದು ಹತ್ತಿಸಿಕೊಂಡಿದ್ದ.

ಗಾಡಿ ತೋಟದ ಮೂರು ಹಂತ ಉರುಳಿ ಟೀ ಗಿಡಗಳ ಸಾಲಿನಲ್ಲಿ ಸಿಕ್ಕಿಕೊಂಡು ನಿಂತಿತು. ಆ ಗಿಡಗಳಿಲ್ಲದಿದ್ದರೆ ಇಬ್ಬರೂ ಹಳ್ಳದ ಪಾಲಾಗುತ್ತಿದ್ದರು. ಅವನಿಗೆ ಹೆಗಲಿನ ಮೂಳೆ ಮುರಿಯಿತು, ಮಾಮಿಗೆ ಸೊಂಟ.

ಆಸ್ಪತ್ರೆಯಲ್ಲಿ ಹೆಂಡತಿ ಕಲೈಸೆಲ್ವಿ ಹಾಸಿಗೆಯ ಬಳಿ ನಿಂತಾಗ ಅವನು ಹೇಳಿದ್ದು ಒಂದೇ ಮಾತು.

“ರೋಡು ನೇರ ಇತ್ತು, ಸೆಲ್ವಿ. ಅಲ್ಲಿ ತಿರುವೇ ಇರಲಿಲ್ಲೆ.”

ಹದಿನೈದು ವರ್ಷದಿಂದ ದಿನಕ್ಕೆ ಎರಡು ಸಲ ಓಡಾಡಿದ ದಾರಿ ಅದು. ಅಲ್ಲಿ ತಿರುವಿದೆಯೆಂದು ಹಟ್ಟಿಯ ಕರುವಿಗೂ ಗೊತ್ತು. ಕಲೈಸೆಲ್ವಿ ಅವನ ಬಾಯಿಯ ಹತ್ತಿರ ಮುಖ ತಂದು ಮೂಸಿದಳು. ಡೆಟಾಲ್ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ. ಅವಳು ಮೂಸಿದ್ದು ಅವನಿಗೆ ಗೊತ್ತಾಯಿತು. ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ.

ಒಂದು ಕಾಲದಲ್ಲಿ ಅವನು ಕುಡಿಯುತ್ತಿದ್ದದ್ದು ನಿಜ. ಮಗಳು ಹುಟ್ಟಿದ ಮೇಲೆ ಬಿಟ್ಟಿದ್ದ. ಆದರೆ ಹಟ್ಟಿಯಲ್ಲಿ ಕುಡಿತ ಬಿಟ್ಟವನ ಹೆಸರು ಬೇಗ ಹೋಗುವುದಿಲ್ಲ. ಅವನು ಮನೆಗೆ ಬರುವಷ್ಟರಲ್ಲಿ ಕತೆ ಸಿದ್ಧವಾಗಿತ್ತು: ಫ್ಯಾಕ್ಟರಿಯ ಹಿಂದೆ ಯಾರೋ ಅವನನ್ನು ನೋಡಿದರಂತೆ, ಗಾಡಿಯಲ್ಲಿ ಬಾಟಲಿ ಸಿಕ್ಕಿತಂತೆ. ಯಾರು ನೋಡಿದರು, ಯಾರಿಗೆ ಸಿಕ್ಕಿತು ಎಂದು ಕೇಳಿದರೆ ಯಾರೂ ಹೇಳುತ್ತಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಸಿಟ್ಟಾಗಿದ್ದವನು ಮಾಮಿಯ ಮಗ ಸಂತೋಷ್‌ಕುಮಾರ್. “ಕುಡಿದೆ ಅಂತ ಹೇಳಲಿ, ನಾ ಸುಮ್ಮನಾಗ್ತೆ. ರೋಡು ನೇರ ಇತ್ತು ಅಂತ ಹೇಳಿ ಎನ್ನ ಅವ್ವೆಯ ಸೊಂಟವನ್ನ ನಗೆಚಾಟಿಕೆ ಮಾಡ್ತಾನೆ” ಎಂದು ಟೀ ಅಂಗಡಿಯಲ್ಲಿ ಕೂಗಾಡಿದ್ದ.

ನ್ಯಾಯ ತೀರಿಸಲು ಹಟ್ಟಿಯ ಕೂಟ ಸೇರಿತು. ಹಟ್ಟಿಯ ಗೌಡರ ಮುಂದೆ ಪ್ರವೀಣ್ ಕೈಗೆ ಬಟ್ಟೆಯ ಜೋಲಿ ಕಟ್ಟಿಕೊಂಡು ಹೋದ. ಕಲೈಸೆಲ್ವಿ ಮನೆಯ ಜಗಲಿಯಲ್ಲೇ ಕಾದಳು. ಅವನು ಬೇಗ ವಾಪಸು ಬಂದ.

“ಏನ ಹೇಳಿದೆ?”

“ಕುಡಿದಿದ್ದೆ ಅಂತ ಹೇಳಿದೆ. ತಲೆ ಬಗ್ಗಿಸಿದೆ. ಗೌಡರು ತಪ್ಪು ಮನ್ನಿಸಿ ತಲೆ ಮೇಲೆ ಕೈ ಇಟ್ಟರು. ಮುಗೀತು.”

ಅವಳಿಗೆ ಆಗ ಅನ್ನಿಸಿದ್ದು ನೆಮ್ಮದಿಯೇ. ಮಾಮಿಯ ಆಸ್ಪತ್ರೆಯ ಓಡಾಟವನ್ನು ಎರಡು ಮನೆಯವರೂ ಹಂಚಿಕೊಳ್ಳುವುದೆಂದಾಯಿತು. ಅಂಗಡಿಯಲ್ಲಿ ಮಾತು ನಿಂತಿತು. ಸಂತೋಷ್ ಎದುರು ಸಿಕ್ಕಾಗ ಈಗ ಉಗುಳುತ್ತಿರಲಿಲ್ಲ.

ಆದರೆ ಒಂದು ಭಾನುವಾರ ಅವಳು ಬಟ್ಟೆ ಒಣಹಾಕಲು ಅಂಗಳಕ್ಕೆ ಬಂದಾಗ ಅವನು ಬೇಲಿಯ ಹತ್ತಿರ ಪಕ್ಕಕ್ಕೆ ತಿರುಗಿ ನಿಂತಿದ್ದ. ಒಂದು ಕಣ್ಣು ಮುಚ್ಚಿ, ಪೆಟ್ಟಾಗದ ಕೈಯನ್ನು ಮುಂದಕ್ಕೆ ಚಾಚಿ, ಹೆಬ್ಬೆರಳನ್ನು ಎದುರಿನ ಗುಡ್ಡದ ಮರಗಳ ಸಾಲಿಗೆ ಹಿಡಿದು ನೋಡುತ್ತಿದ್ದ. ಕೈ ಸ್ವಲ್ಪ ಆಚೆ, ಸ್ವಲ್ಪ ಈಚೆ. ಅವಳ ಹೆಜ್ಜೆ ಕೇಳಿದೊಡನೆ ಕೈ ಇಳಿಸಿ ಒಳಗೆ ಹೋದ.

ಕುಡಿದು ಬಿದ್ದವನು ಹಾಗೆ ಅಳೆಯುವುದಿಲ್ಲ. ಆ ಯೋಚನೆ ಒಮ್ಮೆ ಒಳಗೆ ಹೊಕ್ಕದ್ದೇ ತಡ, ಕಲೈಸೆಲ್ವಿಗೆ ಕುಳಿತಲ್ಲಿ ಕುಳಿತುಕೊಳ್ಳಲಾಗಲಿಲ್ಲ.

ಅವಳು ಕೋತಗಿರಿಯ ಒಂದು ಹೊಲಿಗೆ ಘಟಕಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು. ಮುಂಚೆ ಸಮಯ ಕೂಡಿಬಂದ ದಿನ ಗಂಡನ ಗಾಡಿಯಲ್ಲಿ, ಈಗ ದಿನವೂ ಮಿನಿಬಸ್ಸಿನಲ್ಲಿ. ಅಂದಿನಿಂದ ಸಂಜೆ ವಾಪಸು ಬರುವಾಗ ತಿರುವು ಹತ್ತಿರವಾದಂತೆ ಅವಳ ಕುತ್ತಿಗೆ ತಾನಾಗಿ ಉದ್ದವಾಗುತ್ತಿತ್ತು. ರಸ್ತೆ ಸಿಲ್ವರ್ ಓಕ್ ಮರಗಳ ನಡುವೆ ನೇರ ಇಳಿದು, ತಗ್ಗಿನಲ್ಲಿ ಎಡಬದಿಯ ಮಣ್ಣಿನ ದಿಬ್ಬವೊಂದನ್ನು ಬಳಸಿ ಗಕ್ಕನೆ ಎಡಕ್ಕೆ ಹೊರಳುತ್ತದೆ. ಕಿಟಕಿಯ ಪಕ್ಕ ಕುಳಿತವಳಿಗೆ ದಿಬ್ಬ ಕಾಣುತ್ತಿತ್ತು, ಗಾಡಿ ಇಳಿದ ಜಾಗದ ಮುರಿದ ಗಿಡಗಳು ಕಾಣುತ್ತಿದ್ದವು. ತಿರುವೂ ಇತ್ತು, ಎಲ್ಲಿರಬೇಕೋ ಅಲ್ಲೇ.

ಆದರೆ ನೋಡುವುದನ್ನೇ ಕೆಲಸ ಮಾಡಿಕೊಂಡವಳಿಗೆ ದಾರಿಯಲ್ಲಿ ಬೇರೆ ಏನೇನೋ ಕಾಣತೊಡಗಿತು. ಹತ್ತಿರದ ಟೀ ಗಿಡಗಳು ಹಿಂದಕ್ಕೆ ಓಡುತ್ತಿದ್ದರೆ ದೂರದ ಬೆಟ್ಟ ಬಸ್ಸಿನ ಜೊತೆಗೇ ಬರುತ್ತಿತ್ತು. ಬಹಳ ಹೊತ್ತು ಹಾಗೆ ನೋಡಿ, ಬಸ್ಸು ನಿಂತಾಗ, ನಿಂತ ಇಳಿಜಾರೇ ಮೆಲ್ಲನೆ ಮುಂದಕ್ಕೆ ತೆವಳಿದಂತಾಗುತ್ತಿತ್ತು. ಒಂದು ಕಡೆ ರಸ್ತೆ ಏರುತ್ತಿದೆಯೆಂದು ಕಣ್ಣು ಹೇಳುತ್ತಿತ್ತು, ಆದರೆ ಡ್ರೈವರ್ ಬ್ರೇಕಿನ ಮೇಲೆ ಕಾಲಿಟ್ಟಿರುತ್ತಿದ್ದ, ಚರಂಡಿಯ ನೀರು ಬಸ್ಸು ಹೋದ ದಿಕ್ಕಿಗೇ ಹರಿಯುತ್ತಿತ್ತು. ಕೋತಗಿರಿ ಬಸ್‌ಸ್ಟ್ಯಾಂಡಿನಲ್ಲಿ ತನ್ನ ಬಸ್ಸು ಹೊರಟಿತೆಂದು ಅವಳು ಕಂಬಿ ಹಿಡಿದುಕೊಂಡಳು. ಹೊರಟದ್ದು ಪಕ್ಕದ ಬಸ್ಸು. ಇಷ್ಟು ವರ್ಷ ಇವೆಲ್ಲ ಎಲ್ಲಿದ್ದವು? ಕಣ್ಣು ಇಷ್ಟು ಸುಳ್ಳು ಹೇಳುತ್ತಿದ್ದರೂ ಜನ ಹೇಗೆ ಮನೆ ಮುಟ್ಟುತ್ತಾರೆ? ಮನೆಗೆ ಬಂದರೆ ಅನ್ನಕ್ಕೆ ಉಪ್ಪು ಎರಡು ಸಲ ಬೀಳುತ್ತಿತ್ತು. ಮಗಳು ಶಾಲೆಯ ಸುದ್ದಿ ಹೇಳಿದರೆ ಅರ್ಧ ಕೇಳುತ್ತಿದ್ದಳು. ಗಂಡನನ್ನು ನೇರವಾಗಿ ಕೇಳುವ ಧೈರ್ಯವಿರಲಿಲ್ಲ. ಕೇಳಿದರೆ ಅವನು ಯಾವ ಉತ್ತರ ಕೊಟ್ಟರೂ ತನಗೆ ಕಷ್ಟವೇ ಎಂದು ಅವಳಿಗೆ ಗೊತ್ತಿತ್ತು.

ಒಂದು ಸಂಜೆ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಡ್ರೈವರ್ ಧರ್ಮಲಿಂಗಂ ಅವಳನ್ನು ಎಂಜಿನ್ ಪಕ್ಕದ ಸೀಟಿನಲ್ಲಿ ಕುಳ್ಳಿರಿಸಿದ. ದಾರಿಯುದ್ದಕ್ಕೂ ಸಣ್ಣ ಮಳೆ. ಓಕ್ ಮರಗಳ ಸಾಲಿಗೆ ಬರುವಷ್ಟರಲ್ಲಿ ಮಳೆ ನಿಂತು, ಎದುರಿನ ಮೋಡದ ಅಡಿಯಿಂದ ಸೂರ್ಯ ಇಣುಕಿದ. ಗಾಜಿನ ತುಂಬ ಬೆಳಕು.

ಕಲೈಸೆಲ್ವಿ ಮುಂದೆ ನೋಡಿದಳು. ರಸ್ತೆ ಮರಗಳ ನಡುವೆ ಇಳಿದು, ತಗ್ಗಿನಲ್ಲಿ ಒಂದು ಕ್ಷಣ ಮರೆಯಾಗಿ, ಆಚೆ ಗುಡ್ಡವನ್ನು ನೇರ ಹತ್ತಿ ಹೋಗಿತ್ತು. ಒದ್ದೆ ಟಾರಿನಂತೆ ಬೂದು ಬಣ್ಣ, ಬಿಳಿ ಬಿಳಿ ಹೊಳಪು. ಎರಡೂ ಬದಿಗೆ ಅದೇ ಮರಗಳ ಸಾಲು. ಎಡಕ್ಕೆ ಏನೂ ಇರಲಿಲ್ಲ, ಬರೀ ನೆರಳು.

ಅದರ ಮೇಲೆ ಅವಳಿಗೆ ಸಂಶಯವೇ ಬರಲಿಲ್ಲ. ಸಂಶಯ ಬಂದದ್ದು ಧರ್ಮಲಿಂಗಂನ ಮೇಲೆ. ಅವನು ಸ್ಟೇರಿಂಗನ್ನು ಎಡಕ್ಕೆ, ನೆರಳಿನೊಳಕ್ಕೆ, ಎಳೆಯತೊಡಗಿದಾಗ ಅವಳು ಚೀರಿಬಿಟ್ಟಳು.

“ಅಣ್ಣಾ, ಎಲ್ಲಿಗ ತಿರುಗಿಸ್ತೀಯ! ಮಣ್ಣಿಗ ಹೊಡೀತೀಯ!”

ಬಸ್ಸು ಸುಸೂತ್ರವಾಗಿ ತಿರುವನ್ನು ದಾಟಿತು. ಹಿಂದೆ ಯಾರೋ ನಕ್ಕರು. ಧರ್ಮಲಿಂಗಂ ಗಾಬರಿಯಿಂದ ಅವಳನ್ನು ನೋಡಿದ. “ಏನಕ್ಕಾ, ನಿದ್ದೆಯಾ? ದಿನಾ ಬರೋ ತಿರುವು ತಾನೇ?”

“ನಿನಗ ಕಾಣಲಿಲ್ಲೆಯಾ? ಎದುರಿಗೆ ರೋಡು?”

“ಕಣ್ಣು ಎಲ್ಲಿ ನೋಡುತ್ತೆ ಅಕ್ಕಾ, ಈ ದಾರಿಯಲ್ಲಿ ಕೈ ತಾನಾಗಿ ತಿರುಗುತ್ತೆ.”

“ನಿಲ್ಲಿಸು. ನಾ ಇಳಿದುಕೊಳ್ತೆ.”

ಅವಳು ಬಂದ ದಾರಿಯಲ್ಲೇ ಮೇಲಕ್ಕೆ ಓಡಿದಳು. ಬೆಳಕು ಇನ್ನೂ ಇತ್ತು. ಎದುರಿನ ಗುಡ್ಡದಲ್ಲಿದ್ದದ್ದು ಹಟ್ಟಿಯ ಮುರಳೀಧರನ್ ಅವರ ಟೀ ತೋಟದ ಒಂದು ಪಟ್ಟಿ. ಈ ವರ್ಷ ಅದಕ್ಕೆ ಕವಾತು ಮಾಡಿಸಿದ್ದರು. ಗಿಡಗಳನ್ನೆಲ್ಲ ಮೊಣಕಾಲೆತ್ತರಕ್ಕೆ ಕತ್ತರಿಸಿದ್ದರಿಂದ ಸುತ್ತಲಿನ ಹಸಿರಿನ ನಡುವೆ ಅಲ್ಲಿ ಬರೀ ಬೂದು ಕಡ್ಡಿಗಳು. ಅವು ಮಳೆಯಲ್ಲಿ ನೆನೆದು ಓರೆಬಿಸಿಲಿಗೆ ಹೊಳೆಯುತ್ತಿದ್ದವು. ಪಟ್ಟಿಯ ಎರಡು ಅಂಚಿಗೂ ಓಕ್ ಮರಗಳು, ರಸ್ತೆಯ ಮರಗಳಿಗೆ ಸರಿಯಾಗಿ ಗೆರೆ ಎಳೆದಂತೆ. ಅವಳು ಕೆಳಗೆ ನಡೆದು ಬಂದಂತೆ ರಸ್ತೆ ರಸ್ತೆಯಾಯಿತು, ತೋಟ ತೋಟವಾಯಿತು. ಮತ್ತೆ ಮೇಲೆ ಹತ್ತಿ ಫೋನಿನಲ್ಲಿ ಫೋಟೊ ತೆಗೆದಳು. ಫೋಟೊದಲ್ಲಿ ತಿರುವೂ ತೋಟವೂ ಬೇರೆ ಬೇರೆಯಾಗಿ ಸ್ಪಷ್ಟವಾಗಿ ಬಂದಿದ್ದವು. ಯಾರಿಗೆ ತೋರಿಸಿದರೂ ನಗುತ್ತಿದ್ದರು.

ಮನೆಗೆ ಬಂದವಳೇ ಚಪ್ಪಲಿ ಬಿಡದೆ ಗಂಡನ ಮುಂದೆ ನಿಂತಳು.

“ನಾ ನೋಡಿದೆ. ಮುರಳೀಧರನ್ ಮಾವನ ಕವಾತು ತೋಟ. ಮಳೆ ನಿಂತು ಬಿಸಿಲು ಬಂದರೆ ಅದು ರೋಡೇ. ನೀ ಹೇಳಿದ್ದು ನಿಜ.”

ಅವನು ಸಂತೋಷಪಡುತ್ತಾನೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದಳು. ಅವನು ಮಗಳ ಪೆನ್ಸಿಲ್ ಕೆತ್ತುತ್ತಿದ್ದ. ಕೆತ್ತುವುದನ್ನು ನಿಲ್ಲಿಸಲಿಲ್ಲ.

“ಹಾಗಾದರೆ ಕೂಟದಲ್ಲಿ ಕುಡಿದೆ ಅಂತ ಏಕ ಒಪ್ಪಿಕೊಂಡೆ? ಕುಡಿದಿದ್ದೆಯಾ ಇಲ್ಲೆಯಾ, ಅದನ್ನ ಹೇಳು!”

“ಇಲ್ಲೆ.”

“ಮತ್ತೆ?”

“ಆಸ್ಪತ್ರೆಯಲ್ಲಿ ನೀ ಎನ್ನ ಬಾಯಿ ಮೂಸಿದೆ” ಎಂದ ಅವನು. ದನಿ ಏರಲಿಲ್ಲ. “ನೀನೇ ಮೂಸಿದ ಮೇಲೆ ಊರಿಗೆ ನಾ ಏನ ಹೇಳಲಿ? ಕುಡಿದೆ ಅಂದರೆ ಎಲ್ಲರಿಗೂ ಅರ್ಥ ಆಗುತ್ತೆ. ರೋಡು ನೇರ ಕಂಡಿತು ಅಂದರೆ ಹುಚ್ಚ ಅಂತಾರೆ. ಹುಚ್ಚನ ಕೈಗೆ ಯಾರು ಗಾಡಿ ಕೊಡ್ತಾರೆ? ಕುಡುಕನಿಗಾದರೆ ಆಮೇಲೆ ಕೊಟ್ಟಾರು.”

ಕಲೈಸೆಲ್ವಿ ಚಪ್ಪಲಿ ಬಿಟ್ಟು ಅಡಿಗೆಮನೆಗೆ ಹೋದಳು. ಒಲೆ ಹಚ್ಚಿದಳು, ಪಾತ್ರೆ ಇಡಲು ಮರೆತಳು.

ಮರುದಿನವೇ ಸಂತೋಷ್‌ನನ್ನು ಹಿಡಿದಳು. ಅವನಿಗೆ ಸ್ವಂತ ಪಿಕಪ್ ಗಾಡಿಯಿತ್ತು. ಒಂದೇ ಒಂದು ಸಲ, ಮಳೆ ನಿಂತ ಸಂಜೆ, ಅಲ್ಲಿಗೆ ಕರೆದುಕೊಂಡು ಹೋಗು ಎಂದು ಬೇಡಿಕೊಂಡಳು. ಅವನು ಮನಸ್ಸಿಲ್ಲದೆ ಒಪ್ಪಿದ. ಮಳೆ ಬಂದ ದಿನ ಹೋದರು. ಮಳೆ ನಿಂತಿತು, ಆದರೆ ಬಿಸಿಲಿನ ಬದಲು ಕಣಿವೆಯಿಂದ ಮಂಜು ಎದ್ದು ಬಂತು. ಗುಡ್ಡವೂ ಇಲ್ಲ, ತೋಟವೂ ಇಲ್ಲ. ಗಾಡಿ ನಿಲ್ಲಿಸಿಕೊಂಡು ಕತ್ತಲಾಗುವವರೆಗೆ ಕಾದರು.

“ಅಕ್ಕಾ, ಬಾವನ ಮೇಲೆ ನಿನಗ ಪ್ರೀತಿ ಇದೆ. ಅದು ತಪ್ಪಲ್ಲ” ಎಂದ ಸಂತೋಷ್, ಗಾಡಿ ಹಿಂದಕ್ಕೆ ತಿರುಗಿಸುತ್ತ. “ಆದರೆ ಮುಗಿದದ್ದನ್ನ ಕೆದಕಬೇಡ. ಅವ್ವೆ ಎದ್ದು ಕೂರಲೂ ಒಲ್ಲೆ ಅಂತಾಳೆ. ಡಾಕ್ಟರು ಮೂಳೆ ಕೂಡಿತು, ನಡೆಸಿ ಅಂದರು. ಅವಳು ಗೋಡೆ ನೋಡಿಕೊಂಡು ಮಲಗಿರ್ತಾಳೆ. ಎನ್ನ ಮನೆಯ ಕಷ್ಟ ಅದು.”

ಅವನನ್ನು ಮತ್ತೆ ಕರೆಯಲು ಅವಳಿಗೆ ಮುಖವಿರಲಿಲ್ಲ. ಅಷ್ಟರಲ್ಲಿ ಬೇರೊಂದು ತಳಮಳ ಶುರುವಾಯಿತು. ಕವಾತು ಮಾಡಿದ ಕಡ್ಡಿಗಳಲ್ಲಿ ಕೆಂಪು ಚಿಗುರು ಒಡೆಯುತ್ತಿತ್ತು. ಬಸ್ಸಿನಿಂದ ನೋಡುವಾಗ ದಿನದಿನವೂ ಆ ಪಟ್ಟಿ ಸುತ್ತಲಿನ ತೋಟದ ಬಣ್ಣಕ್ಕೆ ತಿರುಗುತ್ತಿತ್ತು. ಬೇರೆಯವರು ಚಿಗುರು ಕಂಡರೆ ಖುಷಿಪಡುತ್ತಾರೆ, ಕಲೈಸೆಲ್ವಿ ಅದನ್ನು ಕಂಡು ಹಲ್ಲು ಕಚ್ಚುತ್ತಿದ್ದಳು. ಇನ್ನು ಕೆಲವೇ ದಿನ, ಆಮೇಲೆ ಅಲ್ಲಿ ರಸ್ತೆಯೇ ಇರಲಿಲ್ಲವೆಂದಾಗುತ್ತದೆ. ಗಂಡ ಕಂಡದ್ದಕ್ಕೂ ತಾನು ಕಂಡದ್ದಕ್ಕೂ ಸಾಕ್ಷಿ ಇರುವುದಿಲ್ಲ.

ಇನ್ನೊಬ್ಬಳು ಆ ದಿನ ಮುಂದಿನ ಸೀಟಿನಲ್ಲಿ ಇದ್ದಳಲ್ಲ ಎಂದು ಅವಳಿಗೆ ಹೊಳೆದದ್ದು ಆಗ. ಮಾಮಿಯನ್ನು ಯಾರೂ ಏನೂ ಕೇಳಿರಲಿಲ್ಲ. ವಯಸ್ಸಾದವಳು, ನೋವಿನಲ್ಲಿದ್ದಾಳೆ, ಏನು ಕೇಳುವುದು ಎಂದು ಕೂಟದವರೂ ಬಿಟ್ಟಿದ್ದರು. ಅವಳಾಗಿ ಏನೂ ಹೇಳಿರಲಿಲ್ಲ.

ಕಲೈಸೆಲ್ವಿ ರಾಗಿ ಹಿಟ್ಟಿನ ಮುದ್ದೆ ಬೇಯಿಸಿಕೊಂಡು, ಅವರೆ ಸಾರಿನ ಜೊತೆ ಡಬ್ಬಿಯಲ್ಲಿ ಹಾಕಿಕೊಂಡು ಹೋದಳು. ಸಂತೋಷ್ ತೋಟಕ್ಕೆ ಹೋಗಿದ್ದ, ಅವನ ಹೆಂಡತಿ ವಸಂತಾಮಣಿ ಹಿತ್ತಿಲಲ್ಲಿದ್ದಳು. ಕಮಲಂ ಮಾಮಿ ಕಂಬಳಿ ಹೊದ್ದು ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು. ತಲೆಗೆ ಕಟ್ಟಿದ ಬಿಳಿ ಬಟ್ಟೆ ಜಾರಿ ಹೆಗಲ ಮೇಲಿತ್ತು. ಕಲೈಸೆಲ್ವಿ ಬಗ್ಗಿ ತಲೆ ಒಡ್ಡಿದಳು. ಮುದುಕಿ ತಿರುಗದೆಯೇ ಕೈ ಚಾಚಿ ಹರಸಿದಳು.

“ಮಾಮಿ, ಆ ದಿನ ಗಾಡಿಯಲ್ಲಿ ನಿಂಗ ಎಚ್ಚರ ಇದ್ದಿರಾ?”

ಮುದುಕಿ ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಂಡಳು.

“ನಾ ಮೊನ್ನೆ ಬಸ್ಸಿನಲ್ಲಿ ಬರುವಾಗ ಅಲ್ಲಿ ಒಂದು ರೋಡು ಕಂಡಿತು. ತಿರುವು ಇಲ್ಲದ ಹಾಗೆ, ನೇರ.”

ಕಂಬಳಿಯೊಳಗೆ ಮೈ ಅಲುಗಿತು. ಮಾಮಿ ಕತ್ತನ್ನು ಮೆಲ್ಲನೆ ಹೊರಳಿಸಿ ಅವಳನ್ನು ನೋಡಿದಳು.

“ಮೇಲಕ್ಕೆ ಹತ್ತಿ ಹೋಗಿತ್ತಾ?”

“ಹೌದು.”

“ಬಿಳಿ ಬಿಳಿಯಾಗಿ ಹೊಳೀತಿತ್ತಾ? ಎರಡು ಕಡೆ ಮರ, ಯಾರೂ ಓಡಾಡದ ದಾರಿ?”

ಕಲೈಸೆಲ್ವಿ ಹಾಸಿಗೆಯ ಹತ್ತಿರಕ್ಕೆ ಸರಿದಳು. ಹೊಳಪಿನ ಮಾತನ್ನು ಅವಳು ಹೇಳಿಯೇ ಇರಲಿಲ್ಲ. “ಮಾಮಿ, ನಿಂಗಳಿಗೂ ಕಂಡಿತಾ? ಮತ್ತೆ ಇಷ್ಟು ದಿನ ಏಕ ಹೇಳಲಿಲ್ಲೆ?”

ಮುದುಕಿ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ಹೇಗ ಹೇಳಲಿ? ಈ ಬೆಟ್ಟದಲ್ಲಿ ಹುಟ್ಟಿದವಳು ನಾ. ಅಲ್ಲಿ ದಾರಿ ಇಲ್ಲ ಅಂತ ಎನಗ ಗೊತ್ತು. ಇಲ್ಲದ ದಾರಿ ಯಾರಿಗ ಕಾಣುತ್ತೆ? ಸತ್ತವರು ಆಚೆ ನಾಡಿಗ ಹೋಗೋ ದಾರಿ ಅದು. ಎನ್ನನ್ನ ಕರೆಯಲು ತೆರೆದಿತ್ತು. ಆ ಹುಡುಗ ಎನ್ನ ಪಕ್ಕ ಕೂತಿದ್ದ, ಪಾಪ, ಅವನ ಗಾಡಿಯನ್ನೂ ಎಳೆಯಿತು. ಎನ್ನಿಂದ ಅವನಿಗ ಏಟಾಯಿತು ಅಂತ ಹೇಗ ಹೇಳಲಿ? ಅವನು ಕುಡಿದೆ ಅಂತ ಒಪ್ಪಿಕೊಂಡಾಗ ಸುಮ್ಮನಾದೆ. ಇನ್ನೂ ಎಷ್ಟು ದಿನ, ಹೋಗೋಳು ತಾನೇ ಅಂತ ಮಲಗಿದ್ದೆ.”

“ಅದಕ್ಕೇ ಏಳಲಿಲ್ಲೆಯಾ?”

“ಕರೆ ಬಂದವಳು ಎದ್ದು ಎಲ್ಲಿಗ ನಡೀಲಿ?”

ಕಲೈಸೆಲ್ವಿ ನೆಲದ ಮೇಲೆ ಕುಳಿತಳು. ತಾನು ಕಂಡದ್ದನ್ನು ಮೊದಲಿನಿಂದ ಹೇಳಿದಳು: ಮುರಳೀಧರನ್ ಅವರ ಪಟ್ಟಿ, ಕವಾತು, ಒದ್ದೆ ಕಡ್ಡಿ, ಎದುರು ಬಿಸಿಲು, ಮರದ ಸಾಲು, ತಗ್ಗಿನಲ್ಲಿ ಮರೆಯಾಗುವ ತಿರುವು. ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದಳು. ಮಾಮಿ ಮೊಣಕೈ ಊರಿ ತಲೆಯೆತ್ತಿ ನೋಡಿದಳು. ಮಧ್ಯೆ ಎರಡು ಸಲ ನಿಲ್ಲಿಸಿ ಕೇಳಿದಳು.

“ಮುರಳಿಯ ಕವಾತು ತೋಟವಾ?”

“ಹೌದು ಮಾಮಿ.”

“ಬರೀ ಟೀ ಕಡ್ಡಿಯಾ?”

“ಬರೀ ಕಡ್ಡಿ.”

ಮುದುಕಿಗೆ ನಗು ಬಂತು. ನಗುತ್ತಲೇ ಕಣ್ಣಲ್ಲಿ ನೀರು ಬಂತು. “ಇವನ ಕವಾತು ಕೆಡ! ಎರಡು ತಿಂಗಳು ಸಾಯ್ತಾ ಮಲಗಿದೆನಲ್ಲೇ!” ಎಂದು ಕೂಗಿದ ಸದ್ದಿಗೆ ವಸಂತಾಮಣಿ ಹಿತ್ತಿಲಿನಿಂದ ಓಡಿಬಂದಳು. ಮಾಮಿ ಅವಳ ಕಡೆಗೆ ಕೈ ಚಾಚಿದಳು. “ನೋಡ್ತಾ ನಿಲ್ಲಬೇಡ. ಎಬ್ಬಿಸು. ಎನ್ನ ಮಗನ ಕರೆ.”

ಸಂತೋಷ್ ಬಂದಾಗ ಅವ್ವೆ ಗೋಡೆಗೆ ಒರಗಿ ಕುಳಿತು ಡಬ್ಬಿಯಲ್ಲಿದ್ದ ಹಿಟ್ಟು ತಿನ್ನುತ್ತಿದ್ದಳು. ಬಾಯಲ್ಲಿ ತುತ್ತು ಇಟ್ಟುಕೊಂಡೇ ಎಲ್ಲವನ್ನೂ ಹೇಳಿದಳು. ಅವನು ಮೊದಲು ನಂಬಲಿಲ್ಲ. ಕಲೈಸೆಲ್ವಿ ಹೇಳಿಕೊಟ್ಟದ್ದಿರಬೇಕೆಂದು ಅವಳ ಕಡೆ ದುರುಗುಟ್ಟಿ ನೋಡಿದ. ಅವ್ವೆ ಕೈಯಲ್ಲಿದ್ದ ಡಬ್ಬಿಯ ಮುಚ್ಚಳವನ್ನು ಅವನತ್ತ ಎಸೆದಳು.

“ಗಾಡಿಯಲ್ಲಿ ಕೂತವಳು ನಾ. ಅವನ ಬಾಯಿ ವಾಸನೆ ಬಂದರೆ ಮೊದಲು ಬೈಯುವವಳು ನಾ. ಪಕ್ಕದಲ್ಲೇ ಕೂತಿದ್ದೆ, ಎಲೆಯ ವಾಸನೆ ಬಿಟ್ಟು ಬೇರೆ ಏನೂ ಇರಲಿಲ್ಲೆ. ಎನ್ನನ್ನ ಒಬ್ಬರಾದರೂ ಕೇಳಿದಿರಾ?”

ಅವಳ ಹಟಕ್ಕೆ ಕೆಲವು ದಿನಗಳ ಮೇಲೆ ಅಲ್ಲಿಗೆ ಹೋದರು. ಪಿಕಪ್ ಗಾಡಿಯ ಮುಂದಿನ ಸೀಟಿನಲ್ಲಿ ದಿಂಬಿನ ಮೇಲೆ ಮಾಮಿ, ಹಿಂದೆ ಕಲೈಸೆಲ್ವಿ. ಪ್ರವೀಣ್ ಬರುವುದಿಲ್ಲವೆಂದಿದ್ದ. ಕೊನೆಗೆ ಗಾಡಿ ಹೊರಟ ಮೇಲೆ ಓಡಿಬಂದು ಹಿಂದೆ ಹತ್ತಿಕೊಂಡ. ಅಂದು ಮಳೆ ಇರಲಿಲ್ಲ. ತೋಟ ಪೂರ್ತಿ ಚಿಗುರಿ ನಿಂತಿತ್ತು. ಎಷ್ಟು ದೂರದಿಂದ ನೋಡಿದರೂ ತಿರುವು ತಿರುವಾಗಿಯೇ ಇತ್ತು. ಸಂತೋಷ್ ಗಾಡಿಯನ್ನು ಹಿಂದೆ ಮುಂದೆ ಮಾಡಿ, ಇಳಿದು ರಸ್ತೆಯ ನಡುವೆ ಕುಕ್ಕರುಗಾಲಿನಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ ನೋಡಿದ.

“ಮರದ ಸಾಲು ಮಾತ್ರ ಒಂದೇ ಗೆರೆಯಲ್ಲಿದೆ” ಎಂದ ಕೊನೆಗೆ. ಎದ್ದು ಪ್ರವೀಣ್ ಕಡೆಗೆ ತಿರುಗಿದ. “ಬಾವ, ನಾ ಅಂಗಡಿಯಲ್ಲಿ ಬಹಳ ಮಾತಾಡಿದೆ.”

“ಆಡಿದೆ” ಎಂದ ಪ್ರವೀಣ್. ತಿರುವಿನ ಅಂಚನ್ನು ಕಾಲಿನಿಂದ ತೋರಿಸಿ, “ಇಲ್ಲಿ ಸುಣ್ಣ ಬಳಿದ ಕಲ್ಲು ಇಡಬೇಕು. ಮುಂದಿನ ಕವಾತಿಗೆ ಇನ್ನೊಬ್ಬ ಬೀಳ್ತಾನೆ” ಎಂದ.

ಕಲ್ಲು ಇಟ್ಟರು. ಗೌಡರಿಗೆ ಮಾಮಿಯೇ ಹೇಳಿಕಳಿಸಿದಳು. ಅವರು ಮನೆಗೆ ಬಂದು ಪ್ರವೀಣ್‌ನ ತಲೆಯ ಮೇಲೆ ಇನ್ನೊಮ್ಮೆ ಕೈಯಿಟ್ಟು ಹೋದರು. ಹಟ್ಟಿಯಲ್ಲಿ ಅರ್ಧ ಜನ ನಂಬಿದರು. ಉಳಿದರ್ಧ, ಮುದುಕಿಗೂ ಹೆಂಡತಿಗೂ ಅವನನ್ನು ಕಂಡರೆ ಮರುಕ ಎಂದರು. ಪೊಂಗಲ್ ಕಳೆದ ಮೇಲೆ ಅವನಿಗೆ ಮತ್ತೆ ಎಲೆಗಾಡಿ ಸಿಕ್ಕಿತು.

ಮೊದಲ ದಿನ ಸಂಜೆ ಕಲೈಸೆಲ್ವಿ ಬಸ್ಸು ಬಿಟ್ಟು ಅವನ ಗಾಡಿಯಲ್ಲೇ ಬಂದಳು. ಓಕ್ ಮರಗಳು ಶುರುವಾದಾಗ ಅವಳ ಬಲಗಾಲು ತಾನಾಗಿ ನೆಲವನ್ನು ಒತ್ತಿತು. ಅವನೂ ವೇಗ ತಗ್ಗಿಸಿದ. ತಿರುವು ದಾಟಿದ ಮೇಲೆಯೂ ಅವಳಿಗೆ ಕಾಲು ಸಡಿಲಿಸಲಾಗಲಿಲ್ಲ. ಮುಂದಿನ ತಿರುವು, ಅದರ ಮುಂದಿನದು, ಪ್ರತಿಯೊಂದನ್ನೂ ಇದು ನಿಜವೋ ಅಲ್ಲವೋ ಎಂದು ನೋಡುತ್ತಲೇ ಕುಳಿತಳು.

“ಕಾಲು ತೆಗಿ” ಎಂದ ಅವನು. “ಅಲ್ಲಿ ಬ್ರೇಕ್ ಇಲ್ಲೆ.”

“ಗೊತ್ತು.”

“ಹೆದರಿಕೆ ಆದರೆ ನಾಳೆಯಿಂದ ಬಸ್ಸಿನಲ್ಲಿ ಬಾ.”

“ಬಸ್ಸಿಗ ಹೋಗೋದಿಲ್ಲೆ” ಎಂದಳು ಕಲೈಸೆಲ್ವಿ. ಗಾಜಿನ ಒಳಗಡೆ ಕಟ್ಟಿದ್ದ ಮಬ್ಬನ್ನು ಸೆರಗಿನಿಂದ ಅವನ ಕಡೆಗೂ ತನ್ನ ಕಡೆಗೂ ಒರೆಸಿ, ಮುಂದೆ ನೋಡುತ್ತ ಕುಳಿತಳು.